ಕಿನ್ನರಿಯ ಮೂರನೆಯ ಬುರುಡೆ

ಜಯನಗರದ ನಾಲ್ಕನೆಯ ಟಿ ಬ್ಲಾಕಿನ ಆ ಹಳೆಯ ಮನೆಯಲ್ಲಿ ಇದ್ದವರು ಇಬ್ಬರೇ: ಎಪ್ಪತ್ತು ದಾಟಿದ ಸತ್ಯಭಾಮಮ್ಮನವರು, ಅವರ ಬೆನ್ನಿಗೆ ಹುಟ್ಟಿದ ತಮ್ಮ ಭಾರ್ಗವರಾಯರು. ಆದರೆ ಅಕ್ಕತಮ್ಮಂದಿರ ಮಾತಿನಲ್ಲಿ ಮೂರನೆಯವನೊಬ್ಬ ಸದಾ ಸುಳಿಯುತ್ತಿದ್ದ. ಅವನನ್ನು ಅವರು ‘ದೊರೆ’ ಎಂದು ಕರೆಯುತ್ತಿದ್ದರು. ಮನೆಗೆಲಸದವಳಿಗೂ ಪರಿಚಿತನಾಗಿದ್ದ ಈ ದೊರೆ ಮನುಷ್ಯನಲ್ಲ. ತೊಗಲಿನ ರಟ್ಟು ಹೊದ್ದ ಮೂರು ಸಂಪುಟಗಳ ಒಂದು ಕೋಶ. ನೂರು ವರ್ಷಕ್ಕೂ ಹಿಂದೆ ಈ ಸೀಮೆಯಲ್ಲಿ ಚಾಕರಿ ಮಾಡಿದ ಇಂಗ್ಲಿಷ್ ಸೈನ್ಯಾಧಿಕಾರಿಯೊಬ್ಬ, ತಾನು ಕಂಡ ವೀಣೆ, ಕಿನ್ನರಿ, ತಂಬೂರಿಗಳನ್ನೆಲ್ಲ ಅಳೆದು, ವರ್ಣಿಸಿ, ಚಿತ್ರ ಬರೆಸಿ ಅಚ್ಚುಹಾಕಿಸಿದ ಗ್ರಂಥ ಅದು.

“ಅಕ್ಕ, ನಿನ್ನ ದೊರೆ ಕೆಮ್ತಿದಾನೆ ನೋಡು,” ಎನ್ನುವರು ಭಾರ್ಗವರಾಯರು, ಸಂಪುಟದ ಧೂಳು ಕೊಡವುವ ಸದ್ದು ಕೇಳಿದಾಗ.

“ಕೆಮ್ತಿರೋದು ನೀನು. ಅವನ ಬೈಂಡಿಂಗು ನಿನಗಿಂತ ಗಟ್ಟಿ.”

ಮದುವೆಯಾಗದ ಅಕ್ಕ, ಹೆಂಡತಿಯನ್ನು ಕಳೆದುಕೊಂಡ ತಮ್ಮ. ಇಂಥ ಹಾಸ್ಯದಲ್ಲಿ ಇಬ್ಬರ ದಿನಗಳೂ ಸವೆಯುತ್ತಿದ್ದವು.

ಸತ್ಯಭಾಮಮ್ಮನವರು ಹುಟ್ಟಿದ್ದು ಬಸವನಗುಡಿಯಲ್ಲಿ. ತಂದೆ ಸಂಸ್ಕೃತದ ಮೇಷ್ಟರು. ಮಗಳ ಕೈಗೆ ವೀಣೆಯನ್ನೂ ಬಾಯಿಗೆ ಸ್ತೋತ್ರಗಳನ್ನೂ ಕೊಟ್ಟು, ಅವಳ ಮದುವೆಯ ಮಾತು ಮೊದಲಾಗುವ ಹೊತ್ತಿಗೆ ತೀರಿಕೊಂಡರು. ಅಂದಿನಿಂದ ಮನೆಯ ಭಾರ ಮಗಳದಾಯಿತು. ಒಂದು ಸಂಗೀತ ವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ದೊರೆಯಿತು. ನಿವೃತ್ತಿಯವರೆಗೂ ಅಲ್ಲಿಯೇ ಇದ್ದರು. ಗಾನಕ್ಕಿಂತ ಗಾನದ ಉಪಕರಣಗಳ ಮೇಲೆ ಅವರಿಗೆ ಮಮತೆ ಹೆಚ್ಚು. ಹಲಸಿನ ಮರದ ದಂಡಿ ಎಷ್ಟು ವರ್ಷಕ್ಕೆ ಯಾವ ಬಣ್ಣ ತಳೆಯುತ್ತದೆ, ಅದರ ಮೇಲೆ ಸ್ವರದ ಮೆಟ್ಟಿಲು ಕೂರಿಸುವ ಮೇಣದಲ್ಲಿ ಕಾಡಿಗೆ ಎಷ್ಟು ಬೆರೆಯಬೇಕು, ಈ ಬಗೆಯ ವಿಷಯಗಳಲ್ಲಿ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಅವರ ಮಾತಿಗೆ ತೂಕವಿತ್ತು. ಗಿರಿನಗರದ ವೀಣೆಯ ಪಾಠಶಾಲೆಯವರು ಬರುತ್ತಿದ್ದರು. ಅಜ್ಜಿಯ ತಂಬೂರಿಯನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಕತ್ರಿಗುಪ್ಪೆಯ ಮನೆಗಳಿಂದ ಬರುತ್ತಿದ್ದರು. ಬೆಳಗಿನ ಪೂಜೆ ಮುಗಿದ ಮೇಲೆ, ಹಣೆಯ ಕುಂಕುಮ ಆರುವ ಮುನ್ನ, ಅವರು ವಾದ್ಯವನ್ನು ಮಡಿಲಲ್ಲಿರಿಸಿಕೊಂಡು ನೋಡುತ್ತಿದ್ದ ಬಗೆ ವೈದ್ಯರು ಮಗುವನ್ನು ನೋಡುವಂತಿರುತ್ತಿತ್ತು.

ದೊರೆಯೊಂದಿಗೆ ಅವರ ಸಂಬಂಧ ಮಾತ್ರ ಸರಳವಾದದ್ದಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ, ಒಂದು ವಿದ್ವತ್ಸಭೆಯಲ್ಲಿ ಪ್ರಬಂಧ ಓದುವ ಅವಕಾಶ ಅವರಿಗೆ ಸಿಕ್ಕಿತ್ತು. ದೊರೆಯ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಹಿಂದಿನ ಕಾಲದಲ್ಲಿ ಒಂದು ಬಗೆಯ ವೀಣೆಯನ್ನು ಎಡಗೈಯಿಂದ ಮೀಟುತ್ತಿದ್ದರೆಂದು ವಾದಿಸಿದರು. ಮುಂದಿನ ಸಾಲಿನ ವೃದ್ಧ ವಿದ್ವಾಂಸರೊಬ್ಬರು ಎದ್ದು, “ತಾಯೀ, ಆ ಚಿತ್ರ ಅಚ್ಚಿನಮನೆಯಲ್ಲಿ ತಿರುಗುಮುರುಗಾಗಿದೆ. ಅದರಲ್ಲಿ ಜನಿವಾರವೂ ಬಲಭುಜದ ಮೇಲಿದೆ, ನೋಡಲಿಲ್ಲವೇ?” ಎಂದರು. ಸಭೆ ನಕ್ಕಿತು. ಆ ನಗೆ ಬಹುಕಾಲ ಅವರ ಕಿವಿಯನ್ನು ಬಿಡಲಿಲ್ಲ. ಅಂದಿನಿಂದ ಪೆನ್ಸಿಲು ಹಿಡಿದು ಕುಳಿತರು. ದೊರೆ ಎಲ್ಲೆಲ್ಲಿ ತಪ್ಪಿದ್ದಾನೋ ಅಲ್ಲೆಲ್ಲ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಗುರುತು ಹಾಕುವುದು ಅವರಿಗೆ ವ್ರತವಾಯಿತು. ಹೆಸರುಗಳನ್ನು ಕೆಡಿಸಿದ್ದ, ಜನರನ್ನು ಕೀಳೆಂದು ಬರೆದಿದ್ದ, ಕೇಳಿದ್ದನ್ನು ಕಂಡದ್ದೆಂದು ನಂಬಿಸಿದ್ದ. ತಪ್ಪುಗಳಿಗೆ ಕೊರತೆಯಿರಲಿಲ್ಲ. ಹೊಸ ಕೈಪಿಡಿಗಳು ಬಂದ ಮೇಲೆ ಅವರೊಂದು ಕ್ರಮ ಮಾಡಿಕೊಂಡರು: ಮೊದಲು ಹೊಸದು, ದೊರೆಯ ಮಾತು ಕಟ್ಟಕಡೆಗೆ; ಬೇಕಾದರೆ ಮಾತ್ರ.

ಆದರೂ, ವಿದ್ಯಾಲಯ ಬೇರೆ ಕಟ್ಟಡಕ್ಕೆ ಹೋಗುವಾಗ ಹಳೆಯ ಸಂಪುಟಗಳನ್ನು ರದ್ದಿಗೆ ಹಾಕಲು ರಾಶಿ ಮಾಡಿದಾಗ, ಅವುಗಳನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದವರೂ ಅವರೇ. ದಿನವೂ ಜಗಳವಾಡಿದವನನ್ನು ಬೀದಿಗೆ ನೂಕುವುದು ಅವರಿಂದಾಗಲಿಲ್ಲ. ಕಳೆದ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ದೊರೆ ಅಟ್ಟದ ಟ್ರಂಕಿಗೆ ಏರಿದ. ಬಣ್ಣ ಒಣಗಿತು; ದೊರೆ ಇಳಿಯಲಿಲ್ಲ.

ಸಾರಕ್ಕಿಯ ಅಕ್ಕಯಮ್ಮನವರು ಬಂದದ್ದು ಆ ದಿನಗಳಲ್ಲಿ.

ಅಕ್ಕಯಮ್ಮನವರದು ಸಾರಕ್ಕಿ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯೇ ಬೇರೂರಿದ ಮನೆತನ. ಕೆರೆಯ ಕೆಳಗಿನ ಗದ್ದೆಗಳ ಮೇಲೆ ಈಗ ಮೂರಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಅಂಗಡಿಗಳು, ಮೇಲೆ ಬಾಡಿಗೆಯವರು, ನಡುವಣ ಅಂತಸ್ತಿನಲ್ಲಿ ಅವರು. ಒಕ್ಕಲುತನ ಹೋದರೂ ಒಂದು ಹಕ್ಕು ಉಳಿದಿತ್ತು. ವರ್ಷಕ್ಕೊಮ್ಮೆ ಊರಮ್ಮನ ಹಬ್ಬದ ದಿನ, ಗರ್ಭಗುಡಿಯ ಬಾಗಿಲು ತೆರೆಯುವ ಗಳಿಗೆಯಲ್ಲಿ, ಅವರ ಮನೆಯ ಕಿನ್ನರಿ ನುಡಿಯಬೇಕು. ಕಿನ್ನರಿಯೆಂದರೆ ಬಿದಿರಿನ ದಂಡಿಗೆ ಮೂರು ಸೋರೆಬುರುಡೆಗಳನ್ನು ಕಟ್ಟಿದ, ಎರಡೇ ತಂತಿಯ ಹಳೆಯ ವಾದ್ಯ. ಅಕ್ಕಯಮ್ಮನವರ ಪತಿ ಬೋರಣ್ಣನವರು ಅದನ್ನು ನುಡಿಸುತ್ತಿದ್ದರು. ಅವರ ತಂದೆ, ಅವರ ತಾತ ನುಡಿಸಿದ್ದರು. ಈ ಬಾರಿ ಹಬ್ಬ ಹತ್ತಿರವಾಗುವ ಮುನ್ನ ಬೋರಣ್ಣನವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು.

ಹಳೆಯ ಸೀರೆಯಲ್ಲಿ ಸುತ್ತಿದ ಕಿನ್ನರಿಯನ್ನು ಮಗುವಿನಂತೆ ತೋಳಿನ ಮೇಲೆ ಮಲಗಿಸಿಕೊಂಡು ಅಕ್ಕಯಮ್ಮನವರು ಜಗಲಿಯ ಮೇಲೆ ಕುಳಿತರು. ಜೊತೆಯಲ್ಲಿ ಮೊಮ್ಮಗಳು ದಿವ್ಯ. ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಹುಡುಗಿ.

“ನುಡಿಸೋರಿಲ್ದಿದ್ರೂ ಪರ್ವಾಗಿಲ್ಲ ಅಂದವ್ರೆ ಗುಡಿ ಬೈರಣ್ಣ,” ಎಂದು ಅಕ್ಕಯಮ್ಮನವರು ಮೊದಲುಮಾಡಿದರು. ಬೈರಣ್ಣ ಆ ಗುಡಿಯ ಪೂಜಾರಿ. “ಮನೆಯೋರು ಒಬ್ರು ಒಳಕ್ಕೆ ಎತ್ಕೊಂಡೋಗಿ ಒಂದು ಸಲ ತಂತಿ ಮೀಟುದ್ರೆ ಸಾಕಂತೆ. ನಾನೇ ಮೀಟ್ತೀನಿ ಅಂದೆ. ಆದ್ರೆ ಈ ಹುಡ್ಗಿ ಒರೆಸಕ್ಕೆ ಇಳಿಸ್ದಾಗ ನೋಡವ್ಳೆ, ಬುರುಡೇಲಿ ತೂತು ಬಿದ್ದೈತೆ ಅಮ್ಮಾವ್ರೇ.”

“ಇಲ್ಲಿ ನೋಡಿ ಆಂಟಿ,” ಎಂದಳು ದಿವ್ಯ. “ಮೂರನೇದು, ಚಿಕ್ಕದು. ಸೈಡಲ್ಲಿ ಹೋಲ್ ಇದೆ. ನಾವ್ಯಾರೂ ಇದನ್ನ ಮುಟ್ತಾನೇ ಇರ್ಲಿಲ್ಲ. ಹಬ್ಬದ ಹಿಂದಿನ ದಿನ ತಾತ ಉಪವಾಸ ಇದ್ದು, ರೂಮ್ ಬಾಗಿಲು ಹಾಕ್ಕೊಂಡು ಒಬ್ರೇ ರೆಡಿ ಮಾಡ್ತಿದ್ರು. ಯಾರನ್ನೂ ಒಳಗೆ ಬಿಡ್ತಿರ್ಲಿಲ್ಲ.”

“ಒಡೆದಿದ್ರೆ ಗುಡಿ ಹೊಸಲು ದಾಟಂಗಿಲ್ಲ, ಗೊತ್ತಿರೋರ್ನ ಕೇಳ್ಕೊಂಡ್ ಬಾ ಅಂದ್ರು ಬೈರಣ್ಣ. ಈ ವರ್ಷ ತಪ್ಪಿದ್ರೆ ನಮ್ಮನೆ ಸರದಿ ಹೋಯ್ತು ಅಂತ್ಲೇ ಲೆಕ್ಕ. ಅವ್ರು ಉಸಿರು ಹಿಡ್ಕೊಂಡಿರೋದೇ ಇದಕ್ಕೆ. ನೀವು ನೋಡಿ ಒಂದು ಮಾತು ಹೇಳ್ಬೇಕು.”

ಸತ್ಯಭಾಮಮ್ಮನವರು ಕಿನ್ನರಿಯನ್ನು ಮಡಿಲಿಗೆ ತೆಗೆದುಕೊಂಡರು. ದಂಡಿ ಹೊಗೆಯಾಡಿ ಕಪ್ಪಾಗಿತ್ತು. ಎರಡು ದೊಡ್ಡ ಬುರುಡೆಗಳು ನಯವಾಗಿ ಗಟ್ಟಿಯಾಗಿದ್ದವು. ಮೂರನೆಯ ಚಿಕ್ಕ ಬುರುಡೆಯ ಪಕ್ಕದಲ್ಲಿ ಹಳೆಯ ಎರಡಾಣೆಯಷ್ಟು ಅಗಲದ ರಂಧ್ರ. ಅದರ ಸುತ್ತ ತೆಳುವಾದ ಒಂದು ಕಪ್ಪು ಉಂಗುರ. ತಂತಿಯನ್ನು ಮೀಟಿದರು. ಸ್ವರ ಬಂತು, ಆದರೆ ಜೀವವಿಲ್ಲದ ಸ್ವರ. ಗೋಡೆಯಾಚೆ ಯಾರೋ ಮಾತನಾಡಿದಂತೆ. ಒಳಗೆ ಹೋಗಿ ಹೊಸ ಕೈಪಿಡಿಯನ್ನು ತಂದು ನೋಡಿದರು. ಕಿನ್ನರಿಯ ಬುರುಡೆಗಳು ಮೂರು, ಮೂರೂ ಮುಚ್ಚಿದವು ಎಂದು ಅದರಲ್ಲಿ ಅಚ್ಚಾಗಿತ್ತು. ಚಿತ್ರದಲ್ಲಿ ಎಲ್ಲಿಯೂ ರಂಧ್ರವಿರಲಿಲ್ಲ. ಹಾಗಾದರೆ ಈ ಕಪ್ಪು ಉಂಗುರ? ಯಾವ ಕಾಲದಲ್ಲೋ ಒಡೆದಿರಬೇಕು, ಯಾರೋ ಅಂಚು ಉಜ್ಜಿ, ಮೇಣ ಮೆತ್ತಿ ತೇಪೆ ಹಾಕಿರಬೇಕು, ತೇಪೆ ಬಿದ್ದುಹೋಗಿರಬೇಕು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾರ್ಗವರಾಯರು, “ದೊರೇನ ಇಳಿಸ್ಲಾ? ಏಣಿ ಪಕ್ಕದ ಮನೇಲಿದೆ, ಕೇಳ್ಕೊಂಡು ಬರ್ತೀನಿ,” ಎಂದರು.

“ನಿನ್ನ ಮಂಡಿ ನೋವಲ್ಲಿ ಏಣಿ ಬೇರೆ. ಅವನಿಗೇನು ಗೊತ್ತು ಬಿಡು, ಇವರ ಮನೆ ಬಾಗಿಲಿಗೆ ಅವನು ಬಂದಿದ್ನಾ?”

“ಬಂದಿದ್ರೂ ಬಂದಿರ್ಬಹುದು. ದೊರೆಗಳು ಎಲ್ಲೆಲ್ಲಿ ನುಗ್ಗಿಲ್ಲ!”

“ಸುಮ್ನಿರೋ.”

ಇನ್ನೊಬ್ಬರಾಗಿದ್ದರೆ, ರಂಧ್ರ ಬಿದ್ದಿದೆ, ಮುಚ್ಚಿಸಿಕೊಳ್ಳಿ ಎಂದು ಹೇಳಿ ಕಳುಹಿಸುತ್ತಿದ್ದರು. ಸತ್ಯಭಾಮಮ್ಮನವರು ಹಾಗೆ ಹೇಳಲಾರದ ಸಂಸ್ಕಾರದಲ್ಲಿ ಬೆಳೆದವರು. ಒಡೆದ ವಿಗ್ರಹಕ್ಕೆ ಪೂಜೆ ಸಲ್ಲದು. ಬಿರಿದ ಶಂಖದಲ್ಲಿ ತೀರ್ಥ ಸಲ್ಲದು. ದೇವರ ಸೇವೆಗೆ ಮೀಸಲಾದ ವಸ್ತು ಒಡೆದರೆ ಅದನ್ನು ತೇಪೆ ಹಾಕಿ ಮತ್ತೆ ದೇವರೆದುರು ಹಿಡಿಯುವುದು ವಂಚನೆ. ಮನೆಯಲ್ಲಿ ಇಟ್ಟುಕೊಳ್ಳುವುದೂ ಸಲ್ಲದು. ಮರ್ಯಾದೆಯಿಂದ ನೀರಿಗೆ ಬಿಡಬೇಕು. ಇದಕ್ಕೆ ಒಂದು ಮಾತಿದೆ. ಆ ಮಾತನ್ನಾಡಿದರೆ ಏನಾಗುತ್ತದೆಂಬುದನ್ನು ಅವರು ಬಲ್ಲರು. ಬಲ್ಲವರಾಗಿಯೇ ಆಡಿದರು.

“ಇದು ಭಿನ್ನವಾಗಿದೆ, ಅಕ್ಕಯಮ್ಮ.”

ಅಕ್ಕಯಮ್ಮನವರು ಕೈ ಚಾಚಿ ಕಿನ್ನರಿಯನ್ನು ಮರಳಿ ತೆಗೆದುಕೊಂಡರು. “ಭಿನ್ನ ಅಂದ್ರೆ... ನೀರಿಗೇನಾ?”

“ಶಾಸ್ತ್ರ ಹಾಗೇ ಹೇಳತ್ತೆ. ನನಗೂ ಸಂಕಟವೇ. ಆದ್ರೆ ಅಮ್ಮನ ಮುಂದೆ ಒಡೆದಿದ್ದನ್ನ ಹಿಡೀಬಾರ್ದು.”

“ಅವ್ರಿಗೂ ಗೊತ್ತಾಗೈತೆ ಅನ್ಸತ್ತೆ,” ಎಂದರು ಅಕ್ಕಯಮ್ಮನವರು, ಸೀರೆಯನ್ನು ಮತ್ತೆ ಸುತ್ತುತ್ತ. “ಇದನ್ನ ಇಳಿಸ್ದಾಗ್ಲಿಂದ ಒಂದೇ ಸಮ ಎಡಗೈ ಎತ್ತಿ ಮ್ಯಾಲಕ್ಕೆ ತೋರಿಸ್ತಾರೆ. ಮ್ಯಾಲಿನವ್ನು ಕರೀತವ್ನೆ, ನಾನೂ ಅದೂ ಒಟ್ಗೇ ಹೊಂಟ್ವಿ ಅಂತಿರ್ಬೇಕು.”

“ಅಜ್ಜೀ, ಸುಮ್ನಿರು,” ಎಂದಳು ದಿವ್ಯ. “ಆಂಟಿ, ತಾತ ತೋರಿಸೋದು ಸೀಲಿಂಗ್ ಮೂಲೆನ. ಜೇಡ ಕಟ್ಟಿತ್ತು, ಹಬ್ಬಕ್ಕೆ ಕ್ಲೀನ್ ಮಾಡು ಅಂತಿದಾರೆ ಅಂದ್ಕೊಂಡು ಎಲ್ಲಾ ಗುಡಿಸ್ದೆ. ಗುಡಿಸಿದ್ಮೇಲೆ ಅಳಕ್ಕೆ ಶುರು ಮಾಡಿದ್ರು. ಸ್ಟ್ರೋಕ್ ಆದ್ಮೇಲೆ ಹಾಗೇ ಅಂತೆ, ಡಾಕ್ಟ್ರು ಹೇಳಿದ್ರು.”

ಸತ್ಯಭಾಮಮ್ಮನವರು ಆ ಮಾತನ್ನು ಕೇಳಿದರು. ಆದರೆ ಅವರ ಮನಸ್ಸು ತಾವು ಹೇಳಿದ ತೀರ್ಪಿನ ಭಾರದಲ್ಲಿತ್ತು. ಎಲೆ ಅಡಿಕೆ, ಹೂವು ಕೊಟ್ಟು ಕಳುಹಿಸಿದರು. ಅಂದು ಸಂಜೆಯೇ ದಿವ್ಯಳ ಮೊಬೈಲಿನಿಂದ ಚಿತ್ರವೊಂದು ಬಂತು. ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಕಲ್ಲು ಕಟ್ಟಿ, ಕೆರೆಯ ಪಕ್ಕದ ವಿಸರ್ಜನೆಯ ಕಲ್ಯಾಣಿಯಲ್ಲಿ ಕಿನ್ನರಿಯನ್ನು ಇಳಿಬಿಡುತ್ತಿದ್ದ ಎರಡು ಮುದಿ ಕೈಗಳು. ವಿಧಿ ತಪ್ಪದೆ ನಡೆಯಿತಲ್ಲ ಎಂದು ಸತ್ಯಭಾಮಮ್ಮನವರಿಗೆ ಸಮಾಧಾನವಾಯಿತು.

ಹಬ್ಬ ಬಂತು, ಹೋಯಿತು. ಅದರ ಮರುವಾರದ ಶುಕ್ರವಾರ, ಬನಶಂಕರಿಯ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದ ಮೇಲೆ, ವಾಡಿಕೆಯಂತೆ ಅವರು ತಮ್ಮ ವೀಣೆಯನ್ನು ಒರೆಸಲು ಕುಳಿತರು. ಒಂದು ಮೆಟ್ಟಿಲಿನ ಅಡಿಯ ಮೇಣ ಸಡಿಲಗೊಂಡು ಎದ್ದಿತ್ತು. ಅದನ್ನು ಉಗುರಿನಿಂದ ಒತ್ತುತ್ತಿದ್ದಂತೆ ಅವರ ಕೈ ನಿಂತುಬಿಟ್ಟಿತು.

ಕಿನ್ನರಿಯ ರಂಧ್ರದ ಸುತ್ತ ಇದ್ದ ಉಂಗುರ ಇದೇ ಮೇಣದ್ದು. ಆದರೆ ಬುರುಡೆಗೆ ತೇಪೆ ಹಾಕುವವರು ಸೋರೆಯ ಚೂರನ್ನೋ ಬಟ್ಟೆಯನ್ನೋ ಇಟ್ಟು ದಪ್ಪವಾಗಿ ಮೆತ್ತುತ್ತಾರೆ. ಆ ಉಂಗುರ ದಪ್ಪವಾಗಿರಲಿಲ್ಲ, ನೂಲಿನಷ್ಟು ತೆಳುವಾಗಿತ್ತು. ಪದರದ ಮೇಲೆ ಪದರ ಕುಳಿತಿತ್ತು, ವರ್ಷ ವರ್ಷವೂ ಹಚ್ಚಿದಂತೆ. ಅಷ್ಟು ಹಗುರವಾದ ಮೇಣ ಹಿಡಿದಿರುವುದು ಅಷ್ಟೇ ಹಗುರವಾದ ವಸ್ತುವನ್ನು. ಯಾವುದದು?

“ಭಾರ್ಗವಾ,” ಎಂದು ಕರೆದರು. “ಏಣಿ ತಾ.”

“ಈಗ್ಲಾ? ಊಟದ ಹೊತ್ತು.”

“ಈಗ್ಲೇ.”

ಎರಡನೆಯ ಸಂಪುಟದಲ್ಲಿ, ಬೀದಿಯ ಭಿಕ್ಷುಕರ ವಾದ್ಯಗಳೆಂದು ದೊರೆ ತಾತ್ಸಾರದಿಂದ ಹೆಸರಿಟ್ಟ ಭಾಗದಲ್ಲಿ, ಅದು ಇತ್ತು. ಬೆಂಗಳೂರಿಗೆ ತೆಂಕಣ ದಿಕ್ಕಿನಲ್ಲಿ, ಕೆರೆಯೊಂದರ ಕೆಳಗಿನ ಹಳ್ಳಿಯ ಬೇಸಾಯಗಾರನ ಮನೆಯಲ್ಲಿ ತಾನು ಕಂಡ ಕಿನ್ನರಿಯನ್ನು ಅವನು ವರ್ಣಿಸಿದ್ದ. ದಂಡಿಯ ಉದ್ದ, ಬುರುಡೆಗಳ ಸುತ್ತಳತೆ, ಮೆಟ್ಟಿಲಿನಿಂದ ಮೆಟ್ಟಿಲಿಗಿರುವ ದೂರ, ಒಂದನ್ನೂ ಬಿಟ್ಟಿರಲಿಲ್ಲ. ಆಮೇಲೆ ಹೀಗೆ ಬರೆದಿದ್ದ: ಮೂರನೆಯ ಬುರುಡೆಯ ಪಕ್ಕದಲ್ಲಿ ಎರಡಾಣೆ ನಾಣ್ಯದಷ್ಟು ರಂಧ್ರವನ್ನು ಬೇಕೆಂದೇ ಕೊರೆದಿರುತ್ತಾರೆ. ಗೋಡೆಯ ಜೇಡ ಸೂರಿನ ಮೂಲೆಯಲ್ಲಿ ಕಟ್ಟುವ ಕಾಗದದಂಥ ಬಿಳಿಯ ಮೊಟ್ಟೆಗೂಡನ್ನು ಕಿತ್ತು, ಮೇಣದಿಂದ ಆ ರಂಧ್ರಕ್ಕೆ ಅಂಟಿಸುತ್ತಾರೆ. ಆಗ ತಂತಿಯ ನಾದದೊಡನೆ ಸೀಸೆಯಲ್ಲಿ ಸಿಕ್ಕಿದ ದುಂಬಿಯ ಮೊರೆತ ಕೂಡುತ್ತದೆ. ನಾಗರಿಕರ ಕಿವಿಗೆ ಅದು ಹಿತವಲ್ಲ. ಹಬ್ಬದ ಹಿಂದಿನ ದಿನ ಮನೆಯ ಯಜಮಾನ ಉಪವಾಸವಿದ್ದು, ಯಾರೂ ನೋಡದಂತೆ, ಹೊಸ ಗೂಡನ್ನು ಅಂಟಿಸುವುದು ಇವರ ಪದ್ಧತಿ.

ಎದುರು ಪುಟದಲ್ಲಿ ಚಿತ್ರ. ಮೂರು ಬುರುಡೆ, ರಂಧ್ರ, ಉಂಗುರ.

ಆ ವಾಕ್ಯಗಳ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲಿನ ಒಂದು ಮಾತೂ ಇತ್ತು. ಅಕ್ಷರ ತಮ್ಮದೇ, ಎಳೆಯ ವಯಸ್ಸಿನ, ಮೊನಚಾದ ಅಕ್ಷರ. ‘ಅಸಂಭವ.’

ಯಾವಾಗ ಬರೆದದ್ದೆಂದು ಅವರಿಗೆ ನೆನಪಿರಲಿಲ್ಲ. ನೂರಾರು ತಪ್ಪುಗಳ ನಡುವೆ ಇದನ್ನೂ ಒಂದು ತಪ್ಪೆಂದು ಬಗೆದು ಮುಂದೆ ಹೋಗಿದ್ದರು. ಅವನ ಅಭಿಪ್ರಾಯಗಳೆಲ್ಲ ಹುಳುಕೆಂದು ಕಂಡುಕೊಂಡ ಮೇಲೆ, ಅವನ ಕಣ್ಣೂ ಹುಳುಕೆಂದು ನಂಬಿಬಿಟ್ಟಿದ್ದರು. ಆ ಮನುಷ್ಯ ಜನರನ್ನು ಅರಿಯಲಿಲ್ಲ, ನಾದವನ್ನು ಹಳಿದ, ಆದರೆ ಹಳಿಯುತ್ತಲೇ ಅಳತೆಪಟ್ಟಿ ಹಿಡಿದು ಕುಳಿತು, ಕಂಡದ್ದನ್ನು ಬಿಡದೆ ಬರೆದಿಟ್ಟ. ಹೊಸ ಕೈಪಿಡಿಯವರು ಸಜ್ಜನರು, ಯಾರನ್ನೂ ಹಳಿಯಲಿಲ್ಲ. ಆದರೆ ಅವರು ಆ ಮನೆಯೊಳಕ್ಕೆ ಹೋಗಿರಲಿಲ್ಲ.

ಎಡಗೈಯೆತ್ತಿ ಸೂರಿನ ಮೂಲೆಯನ್ನು ತೋರಿಸುತ್ತಿದ್ದ ಮೂಕ ಮನುಷ್ಯನ ನೆನಪು ಆಗ ಬಂತು. ಸತ್ಯಭಾಮಮ್ಮನವರು ಕಣ್ಣು ಮುಚ್ಚಿಕೊಂಡರು.

“ಏನಕ್ಕ, ಏನಾಯ್ತು?” ಎಂದರು ಭಾರ್ಗವರಾಯರು. ಸಂಪುಟವನ್ನು ಅವರ ಕಡೆಗೆ ತಿರುಗಿಸಿದರು. ತಮ್ಮ ಓದಿದರು, ಅಂಚಿನ ಮಾತನ್ನೂ ಓದಿದರು. ದೊರೆಯ ವಿಷಯದಲ್ಲಿ ಅವರಿಗೆ ಹಾಸ್ಯ ಹುಟ್ಟದಿದ್ದುದು ಅದೇ ಮೊದಲು. “ಆಟೋ ಕರೀತೀನಿ,” ಎಂದಷ್ಟೇ ಹೇಳಿದರು.

ಸಾರಕ್ಕಿ ಜಂಕ್ಷನ್ನಿನಲ್ಲಿ ಆಟೋ ಬಹಳ ಹೊತ್ತು ನಿಂತಿತು. ತೊಡೆಯ ಮೇಲಿನ ಸಂಪುಟವನ್ನು ಎರಡು ಕೈಗಳಿಂದಲೂ ಅವುಚಿಕೊಂಡು ಒಬ್ಬರೇ ಹೊರಟಿದ್ದ ಸತ್ಯಭಾಮಮ್ಮನವರು ನಾಮಸ್ಮರಣೆ ಮಾಡಲೆತ್ನಿಸಿದರು. ನಾಲಿಗೆ ನಡೆಯಲಿಲ್ಲ. ಕಲ್ಯಾಣಿಯ ನೀರು ಆಳವಿರಲಾರದು, ಬಿದಿರು ಇಷ್ಟು ಬೇಗ ಕೊಳೆಯಲಾರದು, ಬುರುಡೆ ಗಟ್ಟಿಯಾಗಿತ್ತಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ದೇವರ ಹೆಸರಿನ ಬದಲು ಅದೇ ಜಪವಾಯಿತು.

ಬಾಗಿಲು ತೆರೆದವಳು, ತಾತನ ಸಲುವಾಗಿ ಬ್ಯಾಂಕಿಗೆ ರಜೆ ಹಾಕಿದ್ದ ದಿವ್ಯ. ನಡುಮನೆಯಲ್ಲಿ ಮಂಚದ ಮೇಲೆ ಬೋರಣ್ಣನವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ತಲೆಯ ಮೇಲ್ಭಾಗದ ಗೋಡೆಯಲ್ಲಿ ಎರಡು ಗೂಟಗಳು, ಅವುಗಳ ನಡುವೆ ಬಣ್ಣ ಮಾಸದೆ ಉಳಿದ ಉದ್ದನೆಯ ಜಾಗ. ಅಕ್ಕಯಮ್ಮನವರು ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದರು.

“ಬನ್ನಿ ಅಮ್ಮಾವ್ರೇ. ನೋಡಿ ಇವ್ರನ್ನ. ಅದನ್ನ ಬಿಟ್ಟು ಬಂದ ದಿನ ಈ ಕಡೆ ಮಕ ತಿರುಗ್ಸಿದ್ದು, ಮತ್ತೆ ತಿರುಗ್ಲಿಲ್ಲ. ಗಂಜಿನೂ ಬಲವಂತಕ್ಕೆ.”

ನಿಂತಲ್ಲಿಂದಲೇ ಸತ್ಯಭಾಮಮ್ಮನವರು ಎಲ್ಲವನ್ನೂ ಹೇಳಿದರು. ಸುತ್ತು ಬಳಸಲಿಲ್ಲ. ಹೆಸರು ಹೇಳದಿದ್ದರೂ ದೊರೆ ಬರೆದದ್ದು ಈ ಮನೆಯ ಕಿನ್ನರಿಯನ್ನೇ, ಅದು ಒಡೆದಿರಲಿಲ್ಲ, ರಂಧ್ರ ಇರಬೇಕಾದದ್ದೇ, ಅದರ ಮೇಲೆ ಜೇಡನ ಗೂಡು ಅಂಟಿಸಬೇಕಾಗಿತ್ತು, ಯಜಮಾನರು ಕೈಯೆತ್ತಿ ತೋರಿಸುತ್ತಿದ್ದದ್ದು ಅದನ್ನೇ, ತಾವು ಹೇಳಿದ ಮಾತು ಸುಳ್ಳು. ಹೇಳಿ ಮುಗಿಸಿ, “ಕಲ್ಯಾಣೀಲಿ ಹುಡುಕಿಸೋಣ, ಅಕ್ಕಯಮ್ಮ. ಈಗಲೇ,” ಎಂದರು.

“ಇಲ್ಲ ಆಂಟಿ,” ಎಂದಳು ದಿವ್ಯ ಮೆಲ್ಲಗೆ. “ಹಬ್ಬ ಆದ್ಮೇಲೆ ನೀರು ಖಾಲಿ ಮಾಡಿ, ಕೆಳಗಿದ್ದಿದ್ದೆಲ್ಲ ಲಾರೀಲಿ ಹಾಕ್ಕೊಂಡೋದ್ರು. ನಾನು ಬ್ಯಾಂಕಿಗೆ ಹೋಗೋವಾಗ ನೋಡ್ದೆ. ಪೂರ್ತಿ ಖಾಲಿ.”

ಅಕ್ಕಯಮ್ಮನವರು ಬಟ್ಟಲನ್ನು ಕೆಳಗಿಟ್ಟರು. ಬಹಳ ನಿಧಾನವಾಗಿ ಇಟ್ಟರು.

“ಬಾಗ್ಲು ತೆಗೆಯೋವಾಗ ಏನ್ ಹಾಕಿದ್ರು ಗೊತ್ತಾ ಅಮ್ಮಾವ್ರೇ? ಮೈಕು. ಬೈರಣ್ಣನ ಮಗ ಮೊಬೈಲಲ್ಲಿ ಹಾಡು ಹಾಕ್ದ. ‘ಮುಂದಿನ ವರ್ಷದಿಂದ ಹಿಂಗೇ ಮಾಡೋಣ, ತೊಂದ್ರೆನೇ ಇಲ್ಲ’ ಅಂದ್ರು ಎಲ್ರೂ. ನಾನು ಹಿಂದ್ಗಡೆ ನಿಂತಿದ್ದೆ. ಬರಿಗೈಲಿ.” ಆಮೇಲೆ ಅವರ ದನಿ ಏರಿತು. “ಓದ್ದೋರು ಅಂತ ಬಂದೆ ನಿಮ್ತಾವ. ದಿನಾ ದೇವ್ರ ಪೂಜೆ ಮಾಡೋ ಕೈ ಅಂತ ಬಂದೆ. ಇಷ್ಟು ದೊಡ್ಡ ಬುಕ್ಕು ಮನೇಲಿ ಇಟ್ಕೊಂಡು ಒಂದು ಸಲ ತೆಗೆದು ನೋಡಕ್ಕೆ ಏನಾಗಿತ್ತು? ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತಲ್ಲ! ಆ ಒಂದು ಮಾತು ಅಂದಿದ್ರೆ ಅದು ಈ ಗೋಡೆ ಮ್ಯಾಲೇ ಇರೋದು!”

“ಹೌದು,” ಎಂದರು ಸತ್ಯಭಾಮಮ್ಮನವರು.

“ಹೌದಂತೆ!”

ಮಂಚದಿಂದ ಒಂದು ಸದ್ದು ಬಂತು. ಬೋರಣ್ಣನವರು ಕತ್ತು ಹೊರಳಿಸಿದ್ದರು. ಎಡಗಣ್ಣು ಸಂಪುಟದ ಮೇಲಿತ್ತು. ಸತ್ಯಭಾಮಮ್ಮನವರು ಮಂಡಿಯೂರಿ ಕುಳಿತು ಪುಟವನ್ನು ತೆರೆದು ಅವರ ಮುಖದ ಹತ್ತಿರ ಹಿಡಿದರು. ಎಡಗೈ ಬಂತು. ತೋರುಬೆರಳು ಚಿತ್ರದ ದಂಡಿಯ ಮೇಲೆ, ದೊಡ್ಡ ಬುರುಡೆಯ ಮೇಲೆ ಅಲೆದು, ಕಡೆಗೆ ಮೂರನೆಯ ಬುರುಡೆಯ ರಂಧ್ರದ ಮೇಲೆ ನಿಂತಿತು. ಅಲ್ಲಿಯೇ ಒತ್ತಿ ಹಿಡಿಯಿತು, ಮೇಣ ಅಂಟಿಸುವವರು ಒತ್ತುವಂತೆ. ಗಂಟಲಿನಿಂದ ಏನೋ ಹೊರಟಿತು, ಮಾತಾಗಲಿಲ್ಲ.

ಕೆಳಗಿನ ಅಂಗಡಿಯ ಷಟರ್ ಎಳೆಯುವ ಸದ್ದು ಬಂದು ನಿಂತಿತು.

“ಅಳತೆ ಎಲ್ಲಾ ಇದೆಯಲ್ವಾ ಆಂಟಿ ಇದ್ರಲ್ಲಿ?” ಎಂದಳು ದಿವ್ಯ, ಕಣ್ಣೊರೆಸಿಕೊಂಡು. “ಹೊಸದು ಮಾಡಿಸ್ಬಹುದಲ್ವಾ?”

“ವಾದ್ಯ ಮಾಡಿಸಬಹುದಮ್ಮ. ಇವನು ಒಂದು ಗೆರೆಯನ್ನೂ ಬಿಟ್ಟಿಲ್ಲ. ಆದರೆ ಇವರು ನುಡಿಸ್ತಿದ್ದದ್ದು ಏನು, ಹೇಗೆ, ಅದನ್ನ ಅವನು ಬರೆದಿಲ್ಲ. ಅದು ಅವನ ಕಿವಿಗೆ ಹಿತವಾಗಿರಲಿಲ್ಲ.”

“ಅದು ಇವ್ರ ಕೈಯಲ್ಲೈತೆ,” ಎಂದರು ಅಕ್ಕಯಮ್ಮನವರು, ಗಂಡನ ಬಲಗೈಯನ್ನು ಹೊದಿಕೆಯ ಮೇಲಿಂದ ಎತ್ತಿ, ಮತ್ತೆ ಇಟ್ಟು. ಕೈ ಇಟ್ಟಂತೆಯೇ ಬಿದ್ದುಕೊಂಡಿತು. “ಕೈ ಎಲ್ಲೈತೆ?”

ಅವರು ಎದ್ದು ಬಂದು ಪುಟವನ್ನು ನೋಡಿದರು. ಓದು ಬಾರದವರು, ಚಿತ್ರವನ್ನು ಬಹಳ ಹೊತ್ತು ನೋಡಿ, ಅಂಚಿನ ಪೆನ್ಸಿಲಿನ ಅಕ್ಷರದ ಮೇಲೆ ಬೆರಳಿಟ್ಟರು. “ಇದೇನು? ಇದು ಅಚ್ಚಿಂದಲ್ಲ.”

“ನಾನು ಬರೆದದ್ದು. ಇದು ಆಗಿರಲಾರದು ಅಂತ. ಹುಡುಗಿಯಾಗಿದ್ದಾಗ.”

“ಅಳಿಸ್ಬಿಡಿ ಆಂಟಿ,” ಎಂದಳು ದಿವ್ಯ. “ರಬ್ಬರ್ ಕೊಡ್ಲಾ?”

“ಬೇಡಮ್ಮ. ಇರಲಿ.”

“ಇರ್ಲಿ,” ಎಂದರು ಅಕ್ಕಯಮ್ಮನವರು ಕೂಡ. “ಅದ್ರ ಕೆಳಗೆ ಬರೀರಿ. ಆ ದೊರೆ ನಮ್ಮ ಹೆಸ್ರು ಬರ್ದಿಲ್ಲ ಅಂದ್ರಲ್ಲ, ನೀವು ಬರೀರಿ. ಇದು ಯಾರ ಮನೇದು, ಏನಾಯ್ತು. ಮುಂದೆ ಯಾರಾದ್ರೂ ತೆಗೆ‌ದ್ರೆ ಗೊತ್ತಾಗ್ಬೇಕು.”

ಗ್ರಂಥದ ಮೇಲೆ ಶಾಯಿ ತಾಗಿಸಿದವರನ್ನು ಸತ್ಯಭಾಮಮ್ಮನವರು ತಮ್ಮ ನೌಕರಿಯುದ್ದಕ್ಕೂ ಕ್ಷಮಿಸಿದವರಲ್ಲ. ದಿವ್ಯಳಿಂದ ಪೆನ್ನು ತೆಗೆದುಕೊಂಡರು. ಬರೆದದ್ದನ್ನು ಮೂವರಿಗೂ ಕೇಳುವಂತೆ ಓದಿದರು:

“ಈ ಕಿನ್ನರಿ ಸಾರಕ್ಕಿಯ ಬೋರಣ್ಣನವರ ಮನೆಯದು. ಊರಮ್ಮನ ಬಾಗಿಲು ತೆರೆಯುವಾಗ ನುಡಿಯುತ್ತಿತ್ತು. ಪೂರ್ಣವಾಗಿತ್ತು. ಇಲ್ಲಿ ಬರೆದಿರುವುದು ನಿಜ. ಇದನ್ನು ಅಸಂಭವವೆಂದು ಬರೆದವಳೂ, ಭಿನ್ನವೆಂದು ಹೇಳಿ ನೀರಿಗೆ ಬಿಡಿಸಿದವಳೂ ನಾನು, ಸತ್ಯಭಾಮಾ.”

ಅಕ್ಕಯಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡರು. “ಬಿಟ್ಟಿದ್ದು ನನ್ ಕೈಯಿ. ಅದನ್ನೂ ಹಾಕಿ. ನಿಮ್ದೊಂದೇ ಹೆಸ್ರು ಯಾಕೆ? ಅವ್ರು ಕೈ ಎತ್ತಿ ಎತ್ತಿ ತೋರಿಸ್ತಿದ್ರು. ಐವತ್ತು ವರ್ಷ ಸಂಸಾರ ಮಾಡ್ದೋಳು. ನಂಗಾದ್ರೂ ಗೊತ್ತಾಗ್ಬೇಕಿತ್ತು.”

ಸತ್ಯಭಾಮಮ್ಮನವರು ಆ ಹೆಸರನ್ನೂ ಬರೆದರು. ಪೆನ್ನಿಗೆ ಮುಚ್ಚಳ ಹಾಕಿ ತಲೆಯೆತ್ತಿದಾಗ, ಬೋರಣ್ಣನವರ ಎಡಗೈ ಮತ್ತೆ ಮೇಲೆದ್ದಿತ್ತು. ಎಲ್ಲರೂ ಆ ಬೆರಳು ತೋರಿದ ಕಡೆ ನೋಡಿದರು. ಈ ಬಾರಿ ಅದರ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸೂರಿನ ಮೂಲೆ ಬಿಳಿಯಾಗಿ, ನುಣ್ಣಗೆ, ಒಂದು ಎಳೆಯೂ ಇಲ್ಲದೆ ಶುಭ್ರವಾಗಿತ್ತು.